ಜಪಾನಿನ ಉಜ್ಜುಗೊರಡು ನಮ್ಮ ತೇಗವನ್ನು ಏಕೆ ಹೆರೆಯುತ್ತಿಲ್ಲ?

ಪ್ರಶ್ನೆ: ನಾನು ಶಿರಸಿಯವನು. ನಿವೃತ್ತನಾದ ಮೇಲೆ ಮರಗೆಲಸದ ಹವ್ಯಾಸ ಹಚ್ಚಿಕೊಂಡಿದ್ದೇನೆ. ಜಪಾನಿನ ಬಡಗಿಗಳು ಕಾಗದಕ್ಕಿಂತ ತೆಳ್ಳಗೆ ಮರ ಹೆರೆಯುವ ವಿಡಿಯೋ ನೋಡಿ, ಆಸೆಪಟ್ಟು ಅಲ್ಲಿನದೇ ಒಂದು ಉಜ್ಜುಗೊರಡು, ಒಂದು ಗರಗಸ, ಒಂದು ಉಳಿ ತರಿಸಿಕೊಂಡೆ. ಹಳೆಯ ಮನೆಯಿಂದ ಬಿಚ್ಚಿದ ತೇಗದ ಹಲಗೆಯ ಮೇಲೆ ಇಟ್ಟರೆ ಉಜ್ಜುಗೊರಡು ಒಂದೋ ಸುಮ್ಮನೆ ಜಾರುತ್ತದೆ, ಇಲ್ಲವೇ ಕಚ್ಚಿಕೊಂಡು ನಿಲ್ಲುತ್ತದೆ. ಗರಗಸದ ಮೂರು ಹಲ್ಲು ಮುರಿದವು. ಉಳಿಯ ಹಿಡಿಯ ಬಳೆ ಕಳಚಿ ಬಿತ್ತು. ನನಗೆ ಕಳಪೆ ಮಾಲು ಬಂದಿದೆಯೇ? ಇಂಥ ಉಪಕರಣಗಳಿಂದಲೇ ಒಂದೂ ಮೊಳೆಯಿಲ್ಲದೆ ಸಾವಿರ ವರ್ಷ ನಿಲ್ಲುವ ದೇವಾಲಯ ಕಟ್ಟಿದರು ಎನ್ನುತ್ತಾರೆ. ಅದರ ಗುಟ್ಟೇನು?

ಉತ್ತರ: ನಿಮಗೆ ಬಂದದ್ದು ಕಳಪೆ ಮಾಲಲ್ಲ, ಅರ್ಧ ಮುಗಿದ ಮಾಲು. ಅಲ್ಲಿನ ಹಳೆಯ ರೂಢಿಯೇ ಹಾಗೆ. ಕಮ್ಮಾರನು ಅಲಗನ್ನು ಬಡಿದು ಹದ ಹಾಕಿ ಕೊಡುತ್ತಾನೆ. ಮತ್ತೊಬ್ಬನು ಮರದ ದಿಂಡನ್ನು ಮಾಡಿ ಕೊಡುತ್ತಾನೆ. ಅವೆರಡನ್ನೂ ಒಂದಕ್ಕೊಂದು ಒಗ್ಗಿಸುವ ಕೆಲಸ ಕೊಂಡವನಿಗೆ ಉಳಿಯುತ್ತದೆ. ಇದು ಒಂದು ಮಾತು. ಇನ್ನೊಂದು, ಈ ಉಪಕರಣಗಳು ಹಿನೋಕಿ ಎಂಬ ಒಂದು ಮರದ ಒಡನಾಟದಲ್ಲಿ ಬೆಳೆದವು. ನೀವು ಅವುಗಳ ಮುಂದಿಟ್ಟದ್ದು ತೇಗ. ನಿಮ್ಮ ಮೂರೂ ತೊಂದರೆಗಳು ಈ ಎರಡು ಕಾರಣಗಳಿಂದಲೇ ಬಂದಿವೆ.

ಉಳಿಯದು ಸುಲಭ, ಮೊದಲು ಅದನ್ನು ಮುಗಿಸೋಣ. ಜಪಾನಿನಲ್ಲಿ ಉಳಿಯನ್ನು ಮರದ ಕೊಡತಿಯಿಂದಲ್ಲ, ಉಕ್ಕಿನ ಸುತ್ತಿಗೆಯಿಂದ ಹೊಡೆಯುತ್ತಾರೆ. ಹಿಡಿ ಸೀಳಬಾರದೆಂದು ಅದರ ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಹೊಸ ಉಳಿಯಲ್ಲಿ ಆ ಬಳೆ ಸುಮ್ಮನೆ ಮೇಲೆ ಕೂತಿರುತ್ತದೆ. ಅದನ್ನು ತೆಗೆದು ಒಳಅಂಚನ್ನು ಅರದಿಂದ ಸವರಿ. ಹಿಡಿಯ ತುದಿಯನ್ನು ಸುತ್ತಲೂ ತಟ್ಟಿ ಸ್ವಲ್ಪ ಒತ್ತಿ, ಬಳೆಯನ್ನು ತುದಿಯಿಂದ ಎರಡು ಮೂರು ಮಿಲಿಮೀಟರ್ ಕೆಳಕ್ಕೆ ಇಳಿಸಿ. ಮೇಲೆ ಉಳಿದ ಮರವನ್ನು ಒದ್ದೆ ಮಾಡಿ ಬಡಿದರೆ ಅದು ಅಣಬೆಯ ತಲೆಯಂತೆ ಹರಡಿ ಬಳೆಯನ್ನು ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಸಾಕು.

ಉಜ್ಜುಗೊರಡಿಗೆ ಅರ್ಧ ಗಂಟೆ ಸಾಲದು. ನಾನು ಮೊದಲನೆಯದನ್ನು ಕೊಂಡಾಗ ಎರಡು ತಿಂಗಳು ಅದರಿಂದ ಮರವನ್ನು ಹೆರೆದದ್ದಕ್ಕಿಂತ ಅದನ್ನೇ ಹೆರೆದದ್ದು ಹೆಚ್ಚು. ಆ ಎರಡು ತಿಂಗಳಲ್ಲಿ ಕಲಿತದ್ದನ್ನು ಆಮೇಲಿನ ಯಾವ ವರ್ಷದಲ್ಲೂ ಕಲಿಯಲಿಲ್ಲ. ಆದ್ದರಿಂದ ಇಲ್ಲಿ ತುಸು ನಿಂತು ಹೇಳುತ್ತೇನೆ.

ಜಪಾನೀಯರು ಇದನ್ನು ಕನ್ನಾ ಎನ್ನುತ್ತಾರೆ. ಓಕ್ ಮರದ ಒಂದೇ ದಿಂಡು, ಅದರಲ್ಲಿ ಓರೆಯಾಗಿ ಕೊರೆದ ಒಂದು ಬಾಯಿ, ಬಾಯಿಯ ಎರಡೂ ಪಕ್ಕದಲ್ಲಿ ಒಂದೊಂದು ಗಾಡಿ, ಅಂದರೆ ಅಲಗಿನ ಅಂಚು ಕೂರುವ ಸೀಳು. ಅಲಗನ್ನು ಬಿಗಿಯಲು ನಮ್ಮಲ್ಲಿರುವಂತೆ ಮರದ ಬೆಣೆ ಇಲ್ಲ. ಅಲಗೇ ಬೆಣೆ: ತಲೆಯ ಕಡೆ ದಪ್ಪ, ಮೊನೆಯ ಕಡೆ ತೆಳು. ಹೊಡೆದಷ್ಟೂ ಗಾಡಿಯಲ್ಲಿ ಬಿಗಿಯಾಗುತ್ತದೆ. ಅದರ ಹಿಂದೆ ಕೂರುವ ಇನ್ನೊಂದು ಚಿಕ್ಕ ತಗಡು ಮೆಯಿಜಿ ಕಾಲದಲ್ಲಿ (1868–1912) ಬಂದು ಸೇರಿದ್ದು. ಅದಕ್ಕೂ ಹಿಂದೆ ಒಂದೇ ಅಲಗಿನಲ್ಲಿ ಕೆಲಸ ನಡೆಯುತ್ತಿತ್ತು.

ಅಲಗನ್ನು ಬೆಳಕಿಗೆ ಹಿಡಿದು ಅದರ ಓರೆ ಮುಖವನ್ನು ನೋಡಿ. ಎರಡು ಬಣ್ಣ ಕಾಣುತ್ತವೆ. ಬಹುಪಾಲು ಮಂಕಾದ ಬೂದು, ಮೊನೆಯ ಕಡೆ ಕನ್ನಡಿಯಂತೆ ಹೊಳೆಯುವ ತೆಳು ಪಟ್ಟಿ. ಹೊಳೆಯುವುದು ಹಾಗಾನೆ, ಗಟ್ಟಿ ಉಕ್ಕು. ಮಂಕಾದದ್ದು ಜಿಗಾನೆ, ಮೆದು ಕಬ್ಬಿಣ. ಎರಡನ್ನೂ ಕುಲುಮೆಯಲ್ಲಿ ಬೆಸೆದು ಒಂದು ಮಾಡಿರುತ್ತಾರೆ. ಬರೀ ಗಟ್ಟಿ ಉಕ್ಕಾದರೆ ಪೆಟ್ಟಿಗೆ ಸಿಡಿಯುತ್ತದೆ, ಸಾಣೆಗೂ ಜಗ್ಗುವುದಿಲ್ಲ. ಬರೀ ಮೆದುವಾದರೆ ಮೊನೆ ನಿಲ್ಲುವುದಿಲ್ಲ. ಕತ್ತಿ ಕಮ್ಮಾರರ ವಿದ್ಯೆಯೂ ಇದೇ ಬಗೆಯದು. 1876ರಲ್ಲಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಕೆಲಸ ಕಳೆದುಕೊಂಡ ಅನೇಕ ಕಮ್ಮಾರರು ಉಳಿ, ಕನ್ನಾಗಳ ಕಡೆ ತಿರುಗಿದರು. ಇಂದಿಗೂ ಬಡಗಿಗಳು ಭಕ್ತಿಯಿಂದ ನೆನೆಯುವ ಚಿಯೋಜುರು ಕೊರೆಹಿದೆ (1874–1957) ಹುಟ್ಟಿದ್ದು ಕತ್ತಿ ಕಮ್ಮಾರರ ಮನೆತನದಲ್ಲೇ.

ಈಗ ಅಲಗನ್ನು ತಿರುಗಿಸಿ. ಹಿಂಬದಿ ಸಪಾಟಾಗಿಲ್ಲ, ನಡುವೆ ಆಳವಿಲ್ಲದ ಬಟ್ಟಲಿನಂತೆ ತಗ್ಗಿದೆ. ಇದು ದೋಷವಲ್ಲ. ಇಡೀ ಗಟ್ಟಿ ಉಕ್ಕನ್ನು ಕಲ್ಲಿನ ಮೇಲೆ ಸಪಾಟು ಮಾಡುವುದು ಜೀವ ಹಿಂಡುವ ಕೆಲಸ. ತಗ್ಗು ಇರುವುದರಿಂದ ಅಂಚು ಮಾತ್ರ ಕಲ್ಲಿಗೆ ತಾಗುತ್ತದೆ. ಮಸೆಯುತ್ತ ಹೋದಂತೆ ಮೊನೆಯ ಬಳಿಯ ಸಪಾಟು ಅಂಚು ಕರಗಿ, ಒಂದು ದಿನ ತಗ್ಗು ಮೊನೆಯನ್ನೇ ಮುಟ್ಟುತ್ತದೆ. ಆಗ ಬಡಗಿ ಅಲಗನ್ನು ಕಬ್ಬಿಣದ ಮೂಲೆಗೆ ಆನಿಸಿ, ಓರೆ ಮುಖದ ಮೆದು ಕಬ್ಬಿಣದ ಮೇಲೆ ಚಿಕ್ಕ ಸುತ್ತಿಗೆಯಿಂದ ಹತ್ತಾರು ಹಗುರ ಪೆಟ್ಟು ಕೊಟ್ಟು, ಹಿಂಬದಿಯ ಉಕ್ಕನ್ನು ಕೂದಲೆಳೆಯಷ್ಟು ಹೊರದೂಡುತ್ತಾನೆ. ಒಂದು ಪೆಟ್ಟು ಜಾರಿ ಗಟ್ಟಿ ಉಕ್ಕಿನ ಮೇಲೆ ಬಿದ್ದರೆ ಅಲಗು ಬಿರುಕು ಬಿಡುತ್ತದೆ. ನೀವು ಇದಕ್ಕೆ ಈಗಲೇ ಕೈ ಹಾಕಬೇಡಿ, ಒಂದು ವರ್ಷ ಮಸೆದ ಮೇಲೆ ಬರುವ ಕೆಲಸವಿದು.

ಈಗಲೇ ಮಾಡಬೇಕಾದದ್ದು ಅಲಗನ್ನು ದಿಂಡಿಗೆ ಒಗ್ಗಿಸುವುದು. ಅಲಗಿನ ಯಾವ ಬದಿ ದಿಂಡಿಗೆ ಒರಗುತ್ತದೆಯೋ ಆ ಬದಿಗೆ ಬೆರಳಿನಿಂದ ತೆಳುವಾಗಿ ಮಸಿ ಬಳಿಯಿರಿ. ಗಾಡಿಗೆ ಇಳಿಸಿ, ಮೆಲ್ಲಗೆ ತಟ್ಟಿ, ಹೊರತೆಗೆಯಿರಿ. ಅಲಗು ಒರಗುವ ಮರದ ಹಾಸಿನಲ್ಲಿ ಎಲ್ಲೆಲ್ಲಿ ಮಸಿ ಅಂಟಿದೆಯೋ ಅಲ್ಲಿ ಮಾತ್ರ ಅಲಗು ತಾಗುತ್ತಿದೆ. ಹೊಸ ದಿಂಡಿನಲ್ಲಿ ಎರಡು ಮೂರು ಚುಕ್ಕೆಗಳಷ್ಟೇ ಕಂಡರೆ ಗಾಬರಿ ಬೇಡ. ಆ ಚುಕ್ಕೆಗಳನ್ನು ಹರಿತವಾದ ಉಳಿಯಿಂದ ಸಿಪ್ಪೆ ಸುಲಿದಂತೆ ತೆಗೆಯಿರಿ, ಮತ್ತೆ ಮಸಿ, ಮತ್ತೆ ತಟ್ಟುವುದು. ಹತ್ತಿಪ್ಪತ್ತು ಸಲ ಹೀಗೆ ಮಾಡಿದರೆ ಮಸಿಯ ಗುರುತು ಹಾಸಿನ ತುಂಬ ಹರಡುತ್ತದೆ. ಕೈಯಿಂದ ಒತ್ತಿದಾಗ ಅಲಗು ಬಹುಪಾಲು ಇಳಿದು, ಕೊನೆಯ ಒಂದಿಷ್ಟು ದೂರಕ್ಕೆ ಮಾತ್ರ ಸುತ್ತಿಗೆ ಬೇಡಬೇಕು. ಹೆಚ್ಚು ಸುಲಿದರೆ ಅಲಗು ಸಡಿಲವಾಗಿ, ಹಾಸಿಗೆ ಕಾಗದ ಅಂಟಿಸಬೇಕಾಗುತ್ತದೆ. ನಿಮ್ಮದು ಕಚ್ಚಿಕೊಂಡು ನಿಲ್ಲುತ್ತಿರುವುದಕ್ಕೆ ಈ ಹಾಸು ಒಗ್ಗದಿರುವುದೂ ಒಂದು ಕಾರಣವಿರಬಹುದು: ಆಸರೆ ಇಲ್ಲದ ಕಡೆ ಅಲಗು ನಡುಗಿ ಮರದೊಳಕ್ಕೆ ಧುಮುಕುತ್ತದೆ.

ಜಾರುವುದಕ್ಕೆ ಕಾರಣ ಅಡಿಭಾಗ. ನಮ್ಮ ಕಣ್ಣಿಗೆ ಸಪಾಟಾಗಿ ಕಾಣುವ ಆ ಅಡಿ ನಿಜಕ್ಕೂ ಎಲ್ಲೆಡೆ ಮರಕ್ಕೆ ತಾಗಬಾರದು. ದಿಂಡಿನ ಮುಂತುದಿ ಮತ್ತು ಬಾಯಿಗೆ ತಾಗಿಕೊಂಡ ಮುಂಭಾಗ, ಈ ಎರಡು ಗೆರೆಗಳು ಮಾತ್ರ ಮರವನ್ನು ಮುಟ್ಟಬೇಕು. ಉಳಿದದ್ದು ಕಾಗದದಷ್ಟು ತಗ್ಗಿರಬೇಕು. ಉಕ್ಕಿನ ನೇರಪಟ್ಟಿಯನ್ನು ಅಡಿಗೆ ಆನಿಸಿ ಕಿಟಕಿಯ ಕಡೆ ಹಿಡಿದರೆ ಬೆಳಕು ನುಸುಳುವ ಜಾಗ ತಾನಾಗಿಯೇ ತಿಳಿಯುತ್ತದೆ. ಬಾಯಿಯ ಬಳಿ ಬೆಳಕು ಕಂಡರೆ ಅಲ್ಲಿ ಅಡಿ ಮರವನ್ನು ಒತ್ತುತ್ತಿಲ್ಲ, ಅಲಗು ತೇಲುತ್ತಿದೆ. ಈ ಪರೀಕ್ಷೆಯನ್ನು ಅಲಗನ್ನು ಬಿಗಿದಿಟ್ಟುಕೊಂಡೇ ಮಾಡಿ, ಮೊನೆಯನ್ನು ಮಾತ್ರ ಸ್ವಲ್ಪ ಒಳಗೆಳೆದಿರಿ. ಅಲಗಿನ ಒತ್ತಡಕ್ಕೆ ದಿಂಡು ತುಸು ಉಬ್ಬುತ್ತದೆ. ಅಲಗಿಲ್ಲದೆ ನೋಡಿದ ಅಡಿ ಕೆಲಸಕ್ಕೆ ನಿಂತಾಗಿನ ಅಡಿಯಲ್ಲ.

ಅಲಗನ್ನು ಮುಂದಕ್ಕೆ ತರಲು ಅದರ ತಲೆಗೆ ತಟ್ಟಿ. ಹಿಂದಕ್ಕೆ ತರಲು, ಅಲಗು ಯಾವ ಕಡೆ ವಾಲಿದೆಯೋ ಆ ಕಡೆಯ ದಿಂಡಿನ ತುದಿಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿ. ನಟ್ಟನಡುವೆ ಹೊಡೆದರೆ ದಿಂಡು ಸೀಳಬಹುದು. ಕೆಲವು ದಿನ ಕಳೆದರೆ ಕಿವಿಯೇ ಹೇಳುತ್ತದೆ. ಸಡಿಲವಾಗಿದ್ದಾಗಿನ ಬೊದ್ದು ಸದ್ದು ಬಿಗಿಯಾಗುತ್ತಿದ್ದಂತೆ ಕಿರಿದಾಗಿ, ಗಟ್ಟಿಯಾಗಿ ಬರುತ್ತದೆ.

ಇನ್ನು ಹೆರೆಯುವಾಗ ಇದನ್ನು ದೂಡುವುದಲ್ಲ, ಎಳೆಯುವುದು. ತೋಳಿನಿಂದಲ್ಲ, ಸೊಂಟದಿಂದ. ಅಲ್ಲಿನ ಬಡಗಿ ಉದ್ದ ತೊಲೆಯನ್ನು ಹೆರೆಯುವಾಗ ಹಿಂದಕ್ಕೆ ಹೆಜ್ಜೆ ಹಾಕುತ್ತ ಒಂದೇ ಉಸಿರಿಗೆ ತುದಿ ಮುಟ್ಟುತ್ತಾನೆ. ನೀವು ನೋಡಿದ ವಿಡಿಯೋ ಬಹುಶಃ ಕೆಜುರೋಕಾಯ್ ಎಂಬ ಕೂಟದ್ದು. 1997ರಿಂದ ಬಡಗಿಗಳು ಅಲ್ಲಿ ಸೇರಿ ತೆಳುವಾಗಿ ಹೆರೆಯುವ ಪಂದ್ಯ ಕಟ್ಟುತ್ತಾರೆ. ಹತ್ತು ಮೈಕ್ರಾನಿಗಿಂತ ತೆಳ್ಳಗಿನ ಸುರುಳಿಗಳು ಅಲ್ಲಿ ಬರುತ್ತವೆ. ನಮ್ಮ ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನ್. ನೋಡಲು ಬೆರಗು, ನಿಜ. ಆದರೆ ನಿಮ್ಮ ಕಣ್ಣು ಸುರುಳಿಯ ಮೇಲಲ್ಲ, ಹಿಂದೆ ಉಳಿದ ಮರದ ಮೇಲಿರಲಿ. ಹರಿತವಾದ ಅಲಗು ಹಾದುಹೋದ ಹಿನೋಕಿಯ ಮೈ ರೇಷ್ಮೆಯಂತೆ ಮಿನುಗುತ್ತದೆ, ನೀರು ಹನಿಹನಿಯಾಗಿ ನಿಲ್ಲುತ್ತದೆ. ಉಪ್ಪುಕಾಗದ ಮರದ ನಾರನ್ನು ಹರಿದು ಕೆದರುತ್ತದೆ, ಒಳ್ಳೆಯ ಅಲಗು ಕತ್ತರಿಸುತ್ತದೆ. ಬಣ್ಣ, ವಾರ್ನಿಶ್ ಏನನ್ನೂ ಬಳಿಯದೆ ಬರಿ ಮರವನ್ನೇ ಬಿಡುವ ಅಲ್ಲಿನ ಪದ್ಧತಿ ನಿಂತಿರುವುದು ಈ ಮೈಯ ಮೇಲೆ.

ಗರಗಸದ ವಿಷಯ. ದೂಡುವ ಗರಗಸ ಬಳುಕಬಾರದು, ಆದ್ದರಿಂದ ದಪ್ಪ ತಗಡು ಬೇಕು. ಎಳೆಯುವಾಗ ತಗಡು ತಾನೇ ನೆಟ್ಟಗಾಗುತ್ತದೆ, ಆದ್ದರಿಂದ ಅದು ತೆಳ್ಳಗಿರಬಹುದು. ಸೂಕ್ಷ್ಮ ಕೆಲಸದ ದೋಝುಕಿ ಗರಗಸದ ತಗಡು 0.3 ಮಿಲಿಮೀಟರಿನ ಆಸುಪಾಸಿನದು. ತೆಳುವಾದದ್ದರಿಂದಲೇ ಹಲ್ಲು ನಾಜೂಕು. ತೇಗದಂಥ ಮರದಲ್ಲಿ, ಅದರಲ್ಲೂ ಹಳೆಯ ಮನೆಯ ಹಲಗೆಯಲ್ಲಿ ಮುರಿದ ಮೊಳೆಯ ಚೂರು ಅಡಗಿದ್ದರೆ, ಹಲ್ಲು ಉಳಿಯುವುದಿಲ್ಲ. ಹಿಂದಕ್ಕೆ ದೂಡುವಾಗ ಭಾರ ಹಾಕಿದರೂ ಅಷ್ಟೇ. ಹಲ್ಲಿನ ತುದಿ ಕಪ್ಪಾಗಿ ಅಥವಾ ನೀಲಿಯಾಗಿ ಕಂಡರೆ ಅದನ್ನು ಕ್ಷಣಮಾತ್ರ ಕಾಯಿಸುವ ಮಿಂಚುಗಾಸಿನಿಂದ ಗಟ್ಟಿ ಮಾಡಿದ್ದಾರೆ ಎಂದರ್ಥ, ಅರ ಹಾಕಿ ಚೂಪು ಮಾಡಲಾಗುವುದಿಲ್ಲ. ಅಂಥದ್ದಕ್ಕೆ ತಗಡನ್ನೇ ಬದಲಿಸುವ ಅನುಕೂಲವಿರುತ್ತದೆ. ಮೂರು ಹಲ್ಲು ಹೋದರೂ ಗರಗಸ ಕೆಲಸ ಮಾಡುತ್ತದೆ, ಸದ್ಯಕ್ಕೆ ಬಿಸಾಡಬೇಡಿ.

ಈಗ ಮರಕ್ಕೆ ಬರೋಣ. ನಿಮ್ಮ ಕೊನೆಯ ಪ್ರಶ್ನೆಯ ಉತ್ತರ ಉಪಕರಣಕ್ಕಿಂತ ಇಲ್ಲಿ ಹೆಚ್ಚಿದೆ. ಹಿನೋಕಿ ಸೈಪ್ರೆಸ್ ಜಾತಿಯ ಮರ: ನೇರ ಎಳೆ, ಮೆದು ಮೈ, ನಿಂಬೆಯನ್ನು ನೆನಪಿಸುವ ಪರಿಮಳ, ಹುಳು ಮತ್ತು ಕೊಳೆತಕ್ಕೆ ಸುಲಭಕ್ಕೆ ಬಗ್ಗದ ಗುಣ. ನಾರಾ ಸೀಮೆಯ ಹೊರ್ಯೂಜಿ ದೇವಾಲಯ ಈ ಮರದ್ದು. 607ರಲ್ಲಿ ಸ್ಥಾಪನೆಯಾಗಿ, 670ರಲ್ಲಿ ಸುಟ್ಟು, ಮತ್ತೆ ಏಳನೆಯ ಶತಮಾನದ ಕೊನೆ ಮತ್ತು ಎಂಟನೆಯದರ ಆರಂಭದಲ್ಲಿ ಎದ್ದ ಅದರ ಕಟ್ಟಡಗಳು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳಲ್ಲಿ ಸೇರಿವೆ.

ಅದನ್ನು ಕಟ್ಟಿದವರ ಕೈಯಲ್ಲಿ ನಿಮ್ಮ ಕನ್ನಾ ಇರಲಿಲ್ಲ. ದಿಂಡಿನಲ್ಲಿ ಅಲಗು ಕೂರಿಸಿದ ಉಜ್ಜುಗೊರಡು ಜಪಾನಿಗೆ ಬಂದದ್ದು ಹದಿನೈದನೆಯ ಶತಮಾನದ ಸುಮಾರಿಗೆ. ದಿಮ್ಮಿಯನ್ನು ಉದ್ದಕ್ಕೆ ಸೀಳುವ ಇಬ್ಬರಾಳಿನ ದೊಡ್ಡ ಗರಗಸ ಬಂದದ್ದೂ ಹೆಚ್ಚುಕಡಿಮೆ ಅದೇ ಯುಗದಲ್ಲಿ. ಅದಕ್ಕೂ ಮೊದಲು ದಿಮ್ಮಿಗೆ ಬೆಣೆ ಹೊಡೆದು ಸೀಳುತ್ತಿದ್ದರು. ಬೆಣೆ ಹೋಗುವುದು ಎಳೆ ಕರೆದ ಕಡೆ. ಗರಗಸ ಹೋಗುವುದು ನಾವು ಗೆರೆ ಎಳೆದ ಕಡೆ. ಬೆಣೆಯಿಂದ ಸೀಳಿದ ತೊಲೆಯಲ್ಲಿ ಎಳೆ ಈ ತುದಿಯಿಂದ ಆ ತುದಿಗೆ ತುಂಡಾಗದೆ ಓಡುತ್ತದೆ. ಹೊರ್ಯೂಜಿಯ ಕಂಬಗಳಿಗೆ ದೊಡ್ಡ ಮರವನ್ನು ಹೀಗೆ ಸೀಳಿ, ನಟ್ಟನಡುವಿನ ತಿರುಳನ್ನು ಹೊರಗಿಟ್ಟರು. ತಿರುಳಿರುವ ಕಂಬ ಒಣಗುವಾಗ ಬಿರಿಯುತ್ತದೆ. ಆಮೇಲೆ ಬಾಚಿಯಿಂದ ಕೆತ್ತಿ, ಯಾರಿಗನ್ನಾ ಎಂಬ ಈಟಿಯಾಕಾರದ ಅಲಗಿನಿಂದ ಹೆರೆದರು. ಅದು ಬಿಡುವ ಗುರುತು ಬಿದಿರೆಲೆಗಳನ್ನು ಸಾಲಾಗಿ ಹಾಸಿದಂತಿರುತ್ತದೆ.

ಈ ಯಾರಿಗನ್ನಾ ಬಳಕೆಯಿಂದ ಪೂರ್ತಿ ಹೋಗಿತ್ತು. ಅದನ್ನು ಮರಳಿ ತಂದವರು ಹೊರ್ಯೂಜಿಯ ದೇವಾಲಯ ಬಡಗಿ ನಿಶಿಯೋಕಾ ತ್ಸುನೇಕಾಜು (1908–1995). ದೇವಾಲಯ ಕಟ್ಟುವ ಬಡಗಿಗೆ ಅಲ್ಲಿ ಮಿಯಾದಾಯ್ಕು ಎಂದು ಹೆಸರು. 1934ರಲ್ಲಿ ಶುರುವಾದ ಹೊರ್ಯೂಜಿಯ ಮಹಾದುರಸ್ತಿಯಲ್ಲಿ ಅವರು ಕೆಲಸ ಮಾಡಿದರು. ಹೆಂಚಿನ ಭಾರ ಇಳಿಸಿದಾಗ ಸಾವಿರದ ಮುನ್ನೂರು ವರ್ಷದಿಂದ ಬಾಗಿದ್ದ ಮರಗಳು ಕೆಲವೇ ದಿನಗಳಲ್ಲಿ ಮೆಲ್ಲನೆ ಮೇಲೆದ್ದದ್ದನ್ನೂ, ಹಳೆಯ ಮರವನ್ನು ತುಸು ಹೆರೆದರೆ ಹಿನೋಕಿಯ ಪರಿಮಳ ಇನ್ನೂ ಬರುತ್ತಿದ್ದದ್ದನ್ನೂ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಕಟ್ಟುಪಾಡುಗಳಿದ್ದವು. ಮರವನ್ನು ಕೊಳ್ಳಬೇಡ, ಬೆಟ್ಟವನ್ನು ಕೊಳ್ಳು ಎಂಬುದು ಒಂದು. ಬೆಟ್ಟದಲ್ಲಿ ಯಾವ ದಿಕ್ಕಿಗೆ ಬೆಳೆದಿತ್ತೋ ಕಟ್ಟಡದಲ್ಲೂ ಅದೇ ದಿಕ್ಕಿಗೆ ಇಡು ಎಂಬುದು ಇನ್ನೊಂದು. ಗಾಳಿಗೆ ಎಡಕ್ಕೆ ತಿರುಚಿದ ಮರವನ್ನು ಬಲಕ್ಕೆ ತಿರುಚಿದ್ದರ ಜೊತೆ ಕೂಡಿಸಿದರೆ ಎರಡರ ಹಟವೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತದೆ. ಈ ಮಾತು ಓದಿದ ದಿನದಿಂದ ನಾನು ಡಿಪೋದಲ್ಲಿ ಮರವನ್ನು ಬರೀ ಅಳತೆ ನೋಡಿ ಆರಿಸಿಲ್ಲ.

ಮೊಳೆಯೇ ಇಲ್ಲ ಎಂಬ ಮಾತು ಮಾತ್ರ ಸರಿಯಲ್ಲ. ಹೊರ್ಯೂಜಿಯಲ್ಲೂ ಮೊಳೆಗಳಿವೆ, ಕೈಯಲ್ಲಿ ಬಡಿದ ಉದ್ದನೆಯ ಕಬ್ಬಿಣದ ಮೊಳೆಗಳು. ಯಾಕುಶಿಜಿ ದೇವಾಲಯವನ್ನು ಮರಳಿ ಕಟ್ಟುವಾಗ ನಿಶಿಯೋಕಾ ಇಂದಿನ ಉಕ್ಕಿನ ಮೊಳೆ ಬೇಗ ತುಕ್ಕು ಹಿಡಿಯುತ್ತದೆಂದು, ಕತ್ತಿ ಕಮ್ಮಾರರೊಬ್ಬರಿಂದ ಹಳೆಯ ರೀತಿಯ ಮೊಳೆಗಳನ್ನು ಬಡಿಸಿಕೊಂಡರು. ಅಲ್ಲಿಯ ಕೊಂದೋ, ಅಂದರೆ ಮುಖ್ಯ ಮಂದಿರ, 1976ರಲ್ಲಿ ಮುಗಿಯಿತು. ಪಶ್ಚಿಮ ಗೋಪುರ 1981ರಲ್ಲಿ. ಮುಖ್ಯ ಮಂದಿರದೊಳಗೆ ಕಾಂಕ್ರೀಟ್ ಸೇರಿಸಬೇಕೆಂದು ವಿದ್ವಾಂಸರು ಪಟ್ಟು ಹಿಡಿದರು. ಕಾಂಕ್ರೀಟಿನ ಆಯುಷ್ಯ ನೂರು ವರ್ಷ, ಹಿನೋಕಿಯದು ಸಾವಿರ, ಎರಡನ್ನೂ ಕಟ್ಟಿಹಾಕಿದರೆ ಮರವೇ ನರಳುತ್ತದೆ ಎಂದು ನಿಶಿಯೋಕಾ ವಾದಿಸಿದರು, ಆದರೆ ಸೋತರು. ಆ ವಾದದಲ್ಲಿ ನಾನು ಬಡಗಿಯ ಪಕ್ಷ.

ಹಾಗಾದರೆ ನಿಜವಾದ ಗುಟ್ಟು? ಭಾರವನ್ನು ಹೊರುವುದು ಮೊಳೆಯಲ್ಲ, ಕಚ್ಚು, ಅಂದರೆ ಮರಕ್ಕೆ ಮರವನ್ನೇ ಸಿಕ್ಕಿಸುವ ಜೋಡಣೆ. ಮತ್ತು ಆ ಕಚ್ಚನ್ನು ಬಿಚ್ಚಬಹುದು. ಕಂಬದ ಬುಡ ಕೊಳೆತಿದೆ ಎಂದುಕೊಳ್ಳಿ. ನಾವಾದರೆ ಕಂಬವನ್ನೇ ತೆಗೆಯುತ್ತೇವೆ, ಅಥವಾ ಸಿಮೆಂಟ್ ಸುರಿಯುತ್ತೇವೆ. ಅಲ್ಲಿನ ಬಡಗಿ ಕೊಳೆತಷ್ಟನ್ನು ಕತ್ತರಿಸಿ, ಅದೇ ಜಾತಿಯ ಹೊಸ ತುಂಡನ್ನು ಕಾನಾವಾತ್ಸುಗಿ ಎಂಬ ಕಚ್ಚಿನಿಂದ ಜೋಡಿಸುತ್ತಾನೆ. ಹಳೆಯ ತುದಿಯಲ್ಲೂ ಹೊಸ ತುದಿಯಲ್ಲೂ ಒಂದೇ ಆಕಾರ: ಉದ್ದನೆಯ ನಾಲಗೆ, ನಡುವೆ ಒಂದು ಮೆಟ್ಟಿಲು, ತುದಿಯಲ್ಲಿ ಕಿರಿದಾದ ಚಾಚು. ಎರಡನ್ನೂ ಪಕ್ಕದಿಂದ ಸೇರಿಸಿ, ನಡುವೆ ಉಳಿದ ಚೌಕ ಕಿಂಡಿಗೆ ಗಟ್ಟಿಮರದ ಬೆಣೆಯನ್ನು ಹೊಡೆದರೆ ಚಾಚುಗಳು ಎದುರು ತುಂಡಿನೊಳಕ್ಕೆ ಹೋಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಎಳೆದರೂ ಬಾರದು, ತಿರುಚಿದರೂ ಬಾರದು. ಬೆಣೆ ತೆಗೆದರೆ ಮಾತ್ರ ಬರುತ್ತದೆ. ಇನ್ನೂರು ವರ್ಷದ ಮೇಲೆ ಇನ್ನೊಬ್ಬ ಬಡಗಿ ಬಂದು ಅದನ್ನು ಬಿಚ್ಚಿ ಸರಿಪಡಿಸಲಿ ಎಂದೇ ಹಾಗೆ ಮಾಡಿದ್ದು. ಹೊರ್ಯೂಜಿ ಉಳಿದಿರುವುದು ಯಾರೂ ಮುಟ್ಟದೆ ಬಿಟ್ಟಿದ್ದರಿಂದಲ್ಲ, ಕಾಲಕಾಲಕ್ಕೆ ಬಿಚ್ಚಿ ಸರಿಪಡಿಸಿದ್ದರಿಂದ. ಇಸೆಯ ದೇವಾಲಯದಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. ಅಲ್ಲಿ 690ರಿಂದ, ನಡುವೆ ಕೆಲವೊಮ್ಮೆ ತಪ್ಪಿದ್ದು ಬಿಟ್ಟರೆ, 20 ವರ್ಷಕ್ಕೊಮ್ಮೆ ಇಡೀ ಮಂದಿರವನ್ನು ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರದ್ದು 62ನೆಯದು. ಅಪ್ಪನ ಕಾಲದ ಕೈ ಮಗನ ಕಾಲಕ್ಕೆ ತಲುಪಲು 20 ವರ್ಷ ಸರಿಯಾದ ಅಂತರ. ಮರದ ಕಟ್ಟಡಗಳನ್ನು ಕಾಯುವ ಈ ಜಪಾನಿ ಕೌಶಲಗಳನ್ನು ಯುನೆಸ್ಕೋ 2020ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಚ್ಚಿನ ಬಗ್ಗೆ ಇನ್ನೊಂದನ್ನು ಹೇಳದೆ ಇರಲಾರೆ, ನೀವೂ ಮಾಡಿ ನೋಡಬಹುದಾದದ್ದು. ಜಪಾನಿ ಸುತ್ತಿಗೆಯ ಒಂದು ಮುಖ ಸಪಾಟು, ಇನ್ನೊಂದು ಕೊಂಚ ಉಬ್ಬು. ನಾಲಗೆಯನ್ನು ತೂತಿಗೆ ಇಳಿಸುವ ಮುಂಚೆ ಆ ಉಬ್ಬು ಮುಖದಿಂದ ನಾಲಗೆಯ ಮೈಯನ್ನು ಮೆಲ್ಲಗೆ ಬಡಿದು ಒತ್ತುತ್ತಾರೆ. ಕಿಗೊರೋಶಿ ಎಂದು ಅದರ ಹೆಸರು, ಮರವನ್ನು ಕೊಲ್ಲುವುದು ಎಂದರ್ಥ. ಆದರೆ ಮರ ಸಾಯುವುದಿಲ್ಲ. ಒತ್ತಿದ ನಾಲಗೆ ಸಲೀಸಾಗಿ ಒಳಗೆ ಹೋಗುತ್ತದೆ, ಗಾಳಿಯ ತೇವ ಹೀರಿ ಮತ್ತೆ ಉಬ್ಬಿ ತೂತನ್ನು ತುಂಬಿಕೊಳ್ಳುತ್ತದೆ. ಇದು ಮೆದು ಮರದ ಗುಣ. ತೇಗದಲ್ಲಿ ಇಷ್ಟು ಚೆನ್ನಾಗಿ ಆಗದು.

ಇನ್ನು ನಿಮ್ಮ ತೇಗ. ತೇಗದ ಮೈಯಲ್ಲಿ ಸಿಲಿಕಾ ಇದೆ, ಎಂದರೆ ಮರಳಿನ ಅಂಶ. ಯಾವ ಊರಿನ ಅಲಗನ್ನಾದರೂ ಅದು ಬೇಗ ಮೊಂಡಾಗಿಸುತ್ತದೆ. ಸಾಮಾನ್ಯ ಕನ್ನಾದ ಹಾಸು 38ರಿಂದ 40 ಡಿಗ್ರಿ ಓರೆ, ಹಿನೋಕಿಗೆ ಹೇಳಿಮಾಡಿಸಿದ್ದು. ಗಟ್ಟಿಮರಕ್ಕೆ 45 ಡಿಗ್ರಿಯ ಆಸುಪಾಸಿನದು ಬೇಕು, ಅಂಥವನ್ನೂ ಅಲ್ಲಿ ಮಾಡುತ್ತಾರೆ. ಇರುವುದರಲ್ಲೇ ತೇಗ ಹೆರೆಯಬೇಕೆಂದರೆ ಅಲಗಿನ ಓರೆಯನ್ನು 30–32 ಡಿಗ್ರಿಗೆ ಮಸೆಯಿರಿ, ಹಿಂದಿನ ಚಿಕ್ಕ ತಗಡನ್ನು ಮೊನೆಗೆ ತೀರ ಹತ್ತಿರ ತನ್ನಿ, ತೀರ ತೆಳುವಾಗಿ ಎಳೆಯಿರಿ. ಆದರೆ ಅದಕ್ಕೂ ಮುಂಚೆ ಎರಡು ತಿಂಗಳು ತೇಗವನ್ನು ಮರೆತುಬಿಡಿ. ಪಾರ್ಸೆಲ್ ಪೆಟ್ಟಿಗೆಯ ಪೈನ್ ಹಲಗೆ, ಹೆಬ್ಬೇವು, ಇಂಥ ಮೆದು ಮರದಲ್ಲಿ ಗಂಟಿಲ್ಲದ ತುಂಡು ಆರಿಸಿ ಅದರ ಮೇಲೆ ಕಲಿಯಿರಿ. ಹೊಸ ಉಪಕರಣ ಕೊಳ್ಳುವ ಹಣವಿದ್ದರೆ ಸಾಣೆಕಲ್ಲಿಗೆ ಹಾಕಿ: 1000 ಗ್ರಿಟ್ಟಿನದು ಒಂದು, 6000ದ್ದು ಒಂದು. 1000ದ ಕಲ್ಲಿನ ಮೇಲೆ ಓರೆ ಮುಖವನ್ನು ಮಸೆದು, ಹಿಂಬದಿಯಲ್ಲಿ ಉಗುರಿಗೆ ತಡೆಯುವಂಥ ತೆಳು ಏಣು ಮೊನೆಯ ಉದ್ದಕ್ಕೂ ಎದ್ದ ಮೇಲೆ ಮಾತ್ರ 6000ಕ್ಕೆ ಹೋಗಿ. ಏಣು ಏಳದೆ ಕಲ್ಲು ಬದಲಿಸಿದರೆ ಎಷ್ಟು ಉಜ್ಜಿದರೂ ಅಲಗು ಹರಿತವಾಗುವುದಿಲ್ಲ.

ಕೊನೆಯದಾಗಿ, ಇದನ್ನು ಇಂದೇ ಮಾಡಿ. ಕೆಲಸವಿಲ್ಲದಾಗ ಅಲಗನ್ನು ಸಡಿಲಿಸಿ ಒಂದಿಷ್ಟು ಮೇಲಕ್ಕೆಳೆದು ಇಡಿ. ಮಳೆಗಾಲದ ಶಿರಸಿಯಲ್ಲಿ ಉಬ್ಬಿದ ಓಕ್ ದಿಂಡು ಬೇಸಿಗೆಯ ಒಣಗಾಳಿಗೆ ಕುಗ್ಗುತ್ತದೆ, ಅಲಗು ಕುಗ್ಗುವುದಿಲ್ಲ. ಗಾಡಿಯ ಪಕ್ಕಗಳಲ್ಲಿ ಅಲಗು ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದರೆ ಒಂದು ಬೆಳಿಗ್ಗೆ ದಿಂಡು ಉದ್ದಕ್ಕೂ ಬಿರಿದಿರುತ್ತದೆ. ಅಲಗಿನ ಎಡಬಲಕ್ಕೆ ಕಾಗದ ನುಸುಳುವಷ್ಟು ಜಾಗವಿದೆಯೇ ನೋಡಿ. ಇಲ್ಲದಿದ್ದರೆ ಗಾಡಿಯ ಆ ಪಕ್ಕಗಳನ್ನು ಉಳಿಯಿಂದ ತುಸು ಸುಲಿಯಿರಿ, ಒರಗುವ ಹಾಸನ್ನು ಮಾತ್ರ ಮುಟ್ಟಬೇಡಿ.